ಚಿಕ್ಕಪ್ಪನ ಮಿಲಿಟರಿ ಸಾಮಾನು ಮಾರಿದ್ದು ಹೀಗೆ

ಹಳೇ ಮಿಲಿಟರಿ ಸಾಮಾನು ಮಾರುವುದು ಹೇಗೆ ಅಂತ ಈಚೆಗೆ ನನ್ನನ್ನು ಕೇಳುವವರು ಜಾಸ್ತಿಯಾಗಿದ್ದಾರೆ. ಯಾರದೋ ಅಜ್ಜನ ಮೆಡಲ್, ಯಾರದೋ ಮಾವನ ಕಿಟ್‌ಬ್ಯಾಗ್, ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕ ಬಯೊನೆಟ್, ಅಂದರೆ ಬಂದೂಕಿನ ಮೂತಿಗೆ ಸಿಕ್ಕಿಸುವ ಕತ್ತಿ. ಆನ್‌ಲೈನಿನಲ್ಲಿ ಹಾಕಿದ್ವಿ, ತೆಗೆದುಬಿಟ್ಟರು, ಈಗೇನು ಮಾಡೋದು ಅನ್ನುವುದೇ ಎಲ್ಲರ ಪ್ರಶ್ನೆ. ನಾನು ಈ ದಾರಿಯನ್ನು ಪೂರ್ತಿ ನಡೆದಿದ್ದೇನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಡುವುದು ವಾಸಿ ಅನ್ನಿಸಿತು.

ಸಾಮಾನು ನನ್ನದಲ್ಲ, ಚಿಕ್ಕಪ್ಪನದು. ಅವರು ಸೈನ್ಯದಲ್ಲಿದ್ದವರಲ್ಲ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಆದರೆ ಬೆಳೆದದ್ದು ಬೆಂಗಳೂರಿನ ಜೆ.ಸಿ. ನಗರದಲ್ಲಿ, ಮೈಸೂರು ಸಂಸ್ಥಾನದ ಕುದುರೆ ದಳವಾಗಿದ್ದ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕ ಇರುವ ಕಡೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಮತ್ತು ಮೈಸೂರಿನ ಸವಾರರು ಕುದುರೆ ಮೇಲೆ, ಈಟಿ ಕತ್ತಿ ಹಿಡಿದು, ಮೆಷಿನ್‌ಗನ್ನುಗಳಿಗೆ ಎದುರಾಗಿ ನುಗ್ಗಿ, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಹಿಡಿದರು. ಆ ಸ್ಮಾರಕದ ಪಕ್ಕದಲ್ಲಿ ದಿನಾ ಓಡಾಡುವ ಎಷ್ಟು ಜನಕ್ಕೆ ಇದು ಗೊತ್ತು ಅಂತ ಚಿಕ್ಕಪ್ಪ ಯಾವಾಗಲೂ ಸಂಕಟಪಡುತ್ತಿದ್ದರು. ಮುಳ್ಳುತಂತಿ ಬೇಲಿ ಸಿಡಿಸುವ 'ಬ್ಯಾಂಗಲೋರ್ ಟಾರ್ಪಿಡೊ'ವನ್ನು 1912ರಲ್ಲಿ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಇದೇ ಊರಲ್ಲಿ ಮಾಡಿದ್ದು, ಪ್ರಪಂಚದ ಸೈನ್ಯಗಳೆಲ್ಲ ಅದನ್ನು ನಮ್ಮೂರ ಹೆಸರಿನಿಂದಲೇ ಕರೆಯುತ್ತವೆ ಅನ್ನುವುದನ್ನು ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ದಂಡಿನ ಪ್ರದೇಶದ ಹಳೇ ಸಾಮಾನು ಗುಜರಿ ಅಂಗಡಿ ಸೇರುತ್ತಿದ್ದ ಕಾಲ ಅದು. ಶಿವಾಜಿನಗರ, ಭಾನುವಾರ ಬಿವಿಕೆ ಅಯ್ಯಂಗಾರ್ ರಸ್ತೆಯ ಬಜಾರು, ಅವೆನ್ಯೂ ರಸ್ತೆ, ಹೀಗೆ ಸುತ್ತಿ ಸುತ್ತಿ ಸಂಬಳದಲ್ಲಿ ಉಳಿದದ್ದನ್ನು ಕೊಟ್ಟು ತರುತ್ತಿದ್ದರು.

ಅವರು ತೀರಿಕೊಂಡ ಮೇಲೆ ಚಿಕ್ಕಮ್ಮ ಮನೆ ಬಿಟ್ಟು ಚಿಕ್ಕ ಫ್ಲ್ಯಾಟಿಗೆ ಹೋಗಬೇಕಾಯಿತು. ಮಗ ಇರುವುದು ಹೊರದೇಶದಲ್ಲಿ. ಟ್ರಂಕುಗಳ ಮುಂದೆ ನಿಂತು ಅವರು ನನಗೆ ಹೇಳಿದ್ದು ಇಷ್ಟು: "ಗುಜರಿಗೆ ಮಾತ್ರ ಹಾಕಬೇಡ ಕಣೋ. ಇಷ್ಟ ಇರೋರಿಗೆ ಕೊಡು. ಆದ್ರೆ ದುಡ್ಡು ತಗೊಂಡೇ ಕೊಡು, ಬಿಟ್ಟಿ ಬಂದದ್ದನ್ನ ಯಾರೂ ಜೋಪಾನ ಮಾಡಲ್ಲ."

ಟ್ರಂಕಿನಲ್ಲಿ ಇದ್ದದ್ದು: ಮೊದಲನೇ ಮತ್ತು ಎರಡನೇ ಮಹಾಯುದ್ಧದ ಮೆಡಲುಗಳು, ಪೇಟ ಮತ್ತು ಟೋಪಿಯ ಬ್ಯಾಡ್ಜುಗಳು, ಒಂದು ಬಯೊನೆಟ್, ಗೂರ್ಖಾಗಳ ಬಾಗಿದ ಕತ್ತಿ ಖುಕ್ರಿ (ಚಿಕ್ಕದು) ಒಂದು, ಹೆಲ್ಮೆಟ್, ಫೀಲ್ಡ್ ಟೆಲಿಫೋನ್, ಯೂನಿಫಾರಂಗಳು, ಹಿತ್ತಾಳೆಯ ದೊಡ್ಡ ಶೆಲ್ ಕೇಸ್ (ಫಿರಂಗಿ ಗುಂಡಿನ ಮದ್ದು ತುಂಬುವ ಕೊಳವೆ), ಒಂದಷ್ಟು ಕಾಗದಪತ್ರ. ನಾನು ಒಂದೊಂದರ ಫೋಟೊ ತೆಗೆದು, ಅಳತೆ ಬರೆದು, ಒಂದು ಆನ್‌ಲೈನ್ ಮಾರಾಟ ತಾಣದಲ್ಲಿ ಬೇರೆ ಬೇರೆಯಾಗಿ ಹಾಕಿದೆ. ಒಳ್ಳೆಯ ಪ್ರತಿಕ್ರಿಯೆ ಬಂತು. ಬಯೊನೆಟ್ಟಿಗಂತೂ ಮೆಸೇಜಿನ ಮೇಲೆ ಮೆಸೇಜು. ಸ್ವಲ್ಪ ಹೊತ್ತಿಗೆ ಬಯೊನೆಟ್ಟಿನ ಲಿಸ್ಟಿಂಗ್ ಮಾಯ. 'ನಿಷೇಧಿತ ವಸ್ತು, ಆಯುಧ' ಅಂತ ಒಂದು ಸಾಲಿನ ಮೆಸೇಜು. ಅದರ ಹಿಂದೆಯೇ ಖುಕ್ರಿ, ಶೆಲ್ ಕೇಸ್, ಯೂನಿಫಾರಂ, ಕೊನೆಗೆ ಮೆಡಲು ಮತ್ತು ಬ್ಯಾಡ್ಜುಗಳೂ ಹೋದವು. ಅಕೌಂಟಿಗೂ ತಡೆ ಬಿತ್ತು. ಮೇಲ್ಮನವಿ ಹಾಕಿದರೆ ಮತ್ತದೇ ಸಿದ್ಧ ಉತ್ತರ. ಮೆಡಲು ಹೇಗೆ ಆಯುಧ ಆಗುತ್ತದೆ ಅಂತ ಕೇಳಲು ಆ ಕಡೆ ಮನುಷ್ಯರೇ ಇರಲಿಲ್ಲ.

ಇಲ್ಲಿ ಬಹಳ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಹೆದರಿ ಎಲ್ಲವನ್ನೂ ಗುಜರಿಗೆ ಹಾಕುತ್ತಾರೆ, ಇಲ್ಲವಾದರೆ ಹೆಸರು ಬದಲಿಸಿ 'ಅಲಂಕಾರದ ವಸ್ತು' ಅಂತ ಮತ್ತೆ ಹಾಕುತ್ತಾರೆ. ಎರಡೂ ಬೇಡ. ಮಾರಾಟ ತಾಣದ ನಿಯಮ ಬೇರೆ, ದೇಶದ ಕಾನೂನು ಬೇರೆ. ತಾಣದವರು ಅನುಮಾನ ಬಂದದ್ದನ್ನೆಲ್ಲ ಒಟ್ಟಿಗೆ ಎತ್ತಿ ಬಿಸಾಡುತ್ತಾರೆ. ಕಾನೂನು ಹಾಗಲ್ಲ, ಒಂದೊಂದು ವಸ್ತುವಿಗೂ ಒಂದೊಂದು ಮಾತು ಹೇಳುತ್ತದೆ. ನನಗೆ ಇದನ್ನು ಬಿಡಿಸಿ ಹೇಳಿದ್ದು ವಕೀಲನಾಗಿರುವ ಗೆಳೆಯ. ಅವನು ಮನೆಗೇ ಬಂದ. ಹಾಲಿನಲ್ಲಿ ಹಳೇ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಹರಡಿದೆವು. "ಮೊದಲು ಗುಂಪು ಮಾಡು. ಸಿಡಿಯೋದು, ಚುಚ್ಚೋದು, ಹಾಕ್ಕೊಳ್ಳೋದು, ನೋಡೋದು. ಆಮೇಲೆ ಮಾತಾಡೋಣ" ಅಂದ.

ಸಿಡಿಯೋದು ಏನೂ ಇಲ್ಲ ಅಂತಲೇ ನಾನು ಅಂದುಕೊಂಡಿದ್ದೆ. ಹೆಲ್ಮೆಟ್ಟಿನ ಕೆಳಗೆ ಒಂದು ಎಣ್ಣೆ ಬಟ್ಟೆಯ ಗಂಟಿತ್ತು, ಬಿಚ್ಚಿದರೆ ರೈಫಲ್ಲಿನ .303 ಗುಂಡುಗಳು. ತಗಡಿನ ಚಾರ್ಜರ್ ಕ್ಲಿಪ್ಪಿನಲ್ಲಿ ಐದೂ ಹಾಗೇ ಸಾಲಾಗಿ ಕೂತಿದ್ದವು. ಕವಾಯತಿಗೆ ಬಳಸುವ ಡ್ರಿಲ್ ಗುಂಡಾದರೆ ಕೇಸಿನ ಮೈಯಲ್ಲಿ ತೂತೋ ಉದ್ದ ಗೀರಿನ ತಗ್ಗೋ ಇರುತ್ತದೆ, ಒಳಗೆ ಮದ್ದಿಲ್ಲ ಅಂತ ನೋಡಿದ ತಕ್ಷಣ ತಿಳಿಯಲಿ ಅಂತ. ಇವುಗಳ ಮೈ ನುಣ್ಣಗಿತ್ತು. ಬುಡದಲ್ಲಿ ಪುಣೆಯ ಕಿರ್ಕಿ ಕಾರ್ಖಾನೆಯ 'ಕೆಎಫ್' ಗುರುತು, ನಡುವೆ ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್, ಅದರ ಮೇಲೆ ಪಿನ್ನು ಬಡಿದ ಕಲೆಯಿಲ್ಲ. ಅಂದರೆ ಹಾರಿಸದ, ಜೀವಂತ ಗುಂಡು.

ಗೆಳೆಯ ಕೈ ಹಿಂದೆ ತೆಗೆದ. ಲೈಸೆನ್ಸ್ ಇಲ್ಲದೆ ಜೀವಂತ ಗುಂಡು ಇಟ್ಟುಕೊಳ್ಳುವುದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ, ಐದೇ ಇರಲಿ ಒಂದೇ ಇರಲಿ. ಗೊತ್ತಿದ್ದು ಇಟ್ಟುಕೊಂಡಿದ್ದರೋ ಗೊತ್ತಿಲ್ಲದೆಯೋ ಅನ್ನುವುದನ್ನು ಕೋರ್ಟುಗಳು ನೋಡುತ್ತವೆ ನಿಜ. "ಆದ್ರೆ ಈಗ ಈ ಕ್ಷಣದಿಂದ ನಿಂಗೆ ಗೊತ್ತಾಯ್ತಲ್ಲ. ನಾಳೆ ನೋಡೋಣ ಅನ್ನೋದು ಇಲ್ಲ" ಅಂದ. ಕೆರೆಗೆ ಎಸೆಯುವುದು, ಕಸದಲ್ಲಿ ಹಾಕುವುದು, ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಸ್ಟೇಷನ್ನಿಗೆ ಹೋಗುವುದು, ಇದ್ಯಾವುದನ್ನೂ ಮಾಡಬೇಡಿ. ಇದ್ದ ಜಾಗದಲ್ಲೇ ಬಿಟ್ಟು, ಮಕ್ಕಳನ್ನು ದೂರ ಕಳಿಸಿ, ಸ್ಟೇಷನ್ನಿಗೆ ಅಥವಾ 112ಕ್ಕೆ ಫೋನ್ ಮಾಡಿ. ನಾವು ಸ್ಟೇಷನ್ನಿಗೆ ಮಾಡಿದೆವು. ಸಬ್ ಇನ್‌ಸ್ಪೆಕ್ಟರ್ ಒಬ್ಬರು ಬಂದರು, ಜೊತೆಗೆ ಇಬ್ಬರು. "ಇದೆಲ್ಲಿ ಸಿಕ್ತು, ಯಾರ್ದು, ಯಾವಾಗಿಂದ ಇದೆ?" ಅಂತ ಚಿಕ್ಕಮ್ಮನನ್ನು ನಿಧಾನವಾಗಿ ಕೇಳಿದರು. ಚಿಕ್ಕಮ್ಮನ ಕೈ ನಡುಗುತ್ತಿತ್ತು. ಅವರೇ "ಅಮ್ಮಾ, ನೀವೇ ಕರೆದು ಹೇಳಿದ್ದೀರಲ್ಲ, ಹೆದರ್ಕೋಬೇಡಿ, ಕೂತ್ಕೊಳ್ಳಿ" ಅಂದರು. ಅಕ್ಕಪಕ್ಕದವರನ್ನು ಪಂಚರನ್ನಾಗಿ ಕರೆದು ಮಹಜರು ಬರೆದು, ಚಿಕ್ಕಪ್ಪನ ಮರಣ ಪ್ರಮಾಣಪತ್ರದ ಪ್ರತಿ ತೆಗೆದುಕೊಂಡು, ಗುಂಡುಗಳನ್ನು ಒಯ್ದರು. ಮಹಜರಿನ ಪ್ರತಿ ಮತ್ತು ಸ್ವೀಕೃತಿ ಕೇಳಿ ಪಡೆದುಕೊಂಡೆವು. ಅದನ್ನು ಕೇಳುವುದಕ್ಕೆ ಸಂಕೋಚ ಬೇಡ. ಮುಂದೆ ಬಯೊನೆಟ್ ವಿಷಯಕ್ಕೆ ಓಡಾಡುವಾಗ, ಈ ಮನೆಯವರು ತಾವಾಗಿಯೇ ಒಪ್ಪಿಸಿದ್ದಾರೆ ಅನ್ನುವ ಆ ಕಾಗದ ತುಂಬಾ ಉಪಯೋಗಕ್ಕೆ ಬಂತು.

ಶೆಲ್ ಕೇಸನ್ನೂ ಅವರಿಗೆ ತೋರಿಸಿದೆವು. 25 ಪೌಂಡರ್ ಫಿರಂಗಿಯದು, ಬುಡದಲ್ಲಿ ಮುದ್ರೆ ಇದೆ. ಪ್ರೈಮರ್ ಮೇಲೆ ಸ್ಪಷ್ಟವಾಗಿ ಗುಳಿ ಬಿದ್ದಿದೆ, ಒಳಗೆ ಟಾರ್ಚ್ ಬಿಟ್ಟರೆ ತಳ ಕಾಣುತ್ತದೆ, ಪೂರ್ತಿ ಖಾಲಿ. ಇಂಥ ಬಿಡಿ ಭಾಗಗಳನ್ನು ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದಿದ್ದರೆ ಆಕ್ಟಿನ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಅದನ್ನೂ ಮಹಜರಿನಲ್ಲಿ ಒಂದು ಸಾಲು ಬರೆಸಿದೆವು. ನಿಮ್ಮ ಮನೆಯಲ್ಲಿ ಹೂವಿನ ಕುಂಡ ಆಗಿರುವ ಶೆಲ್ ಇದ್ದರೆ ಒಮ್ಮೆ ತಿರುಗಿಸಿ ಬುಡ ನೋಡಿ. ಮೇಲೆ ಗುಂಡಿನ ಮೂತಿ ಇನ್ನೂ ಕೂತಿದ್ದರೆ ತಿರುಗಿಸಲೂ ಹೋಗಬೇಡಿ, ಫೋನ್ ಮಾಡಿ.

ಇನ್ನು ಚುಚ್ಚೋದು. ಬಯೊನೆಟ್ ನೋಡಲು ಬಹಳ ಚೆನ್ನಾಗಿತ್ತು. ಇಷಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ಮಾಡಿದ್ದು. ಹಿಡಿಯ ಹತ್ತಿರ ಅಲಗಿನ ಮೇಲೆ ಕಿರೀಟ, ಅದರ ಕೆಳಗೆ ರಾಜ ಜಾರ್ಜನ ಗುರುತಾದ 'ಜಿಆರ್‌ಐ', ಆಮೇಲೆ ಆ ಫ್ಯಾಕ್ಟರಿಯ 'ಆರ್‌ಎಫ್‌ಐ' ಅನ್ನುವ ಅಕ್ಷರ. ಮೊದಲನೇ ಮಹಾಯುದ್ಧದ 1907 ಮಾದರಿಯ ಬಯೊನೆಟ್ಟಿಗೆ 17 ಇಂಚಿನ ಅಲಗು. ಅಷ್ಟುದ್ದ ಬೇಡ ಅಂತ ಆಮೇಲೆ ಭಾರತದಲ್ಲಿ 12 ಇಂಚಿಗೆ ಇಳಿಸಿದರು. ಚಿಕ್ಕಮ್ಮ ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಟೇಪು ತಂದರು. ಒಂದು ತುದಿ ನಾನು ಹಿಡಿದೆ, ಇನ್ನೊಂದು ಗೆಳೆಯ. ಸರಿಯಾಗಿ 12. ಖುಕ್ರಿಯ ಅಲಗು ಎಂಟಕ್ಕಿಂತ ಕಮ್ಮಿ, ಅಗಲವೂ ಎರಡು ಇಂಚು ಮುಟ್ಟಲಿಲ್ಲ.

ಈ ಅಳತೆ ಯಾಕೆ ಅಂದರೆ, 2016ರ ಆರ್ಮ್ಸ್ ರೂಲ್ಸಿನ ಮೊದಲನೇ ಷೆಡ್ಯೂಲಿನ ಐದನೇ ಕೆಟಗರಿಯಲ್ಲಿ ಬಂದೂಕಲ್ಲದ ಆಯುಧಗಳ ಪಟ್ಟಿ ಇದೆ. ಕತ್ತಿ, ಗುಪ್ತಿ, ಬಾಕು, ಬಯೊನೆಟ್, ಈಟಿ, ಯುದ್ಧದ ಕೊಡಲಿ, ಮತ್ತೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗಿನ ಚಾಕು, ಕಿರ್ಪಾಣ, ಖುಕ್ರಿ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದ್ದು ಇದರಲ್ಲಿ ಬರುವುದಿಲ್ಲ. ಎಳನೀರು ಕೊಚ್ಚುವ ಮಚ್ಚಿಗೆ ತೊಂದರೆ ಇಲ್ಲ. ಬಯೊನೆಟ್ಟಿನ ಹೆಸರನ್ನೇ ಬರೆದಿದ್ದಾರೆ, ಹಾಗಾಗಿ ಅದು 'ಶೋಪೀಸ್' ಅನ್ನುವ ಮಾತು ನಡೆಯುವುದಿಲ್ಲ.

ಹಳೆಯದಾದರೆ ಕಾನೂನು ಅನ್ವಯ ಆಗಲ್ಲ ಅಂತ ಹೇಳುವವರು ಬಹಳ ಮಂದಿ ಇದ್ದಾರೆ. ಅದೇ 45ನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ: ಬಳಕೆ ತಪ್ಪಿದ ಮಾದರಿಯ ಅಥವಾ ಪುರಾತನ ಬೆಲೆಯುಳ್ಳ, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲಾಗದ ಆಯುಧಕ್ಕೆ ಈ ಕಾಯ್ದೆ ಅನ್ವಯಿಸದು ಅಂತ. ಓದಿದ ಕೂಡಲೇ ನನಗೂ ಖುಷಿಯಾಯಿತು. ಗೆಳೆಯ ತಲೆ ಅಲ್ಲಾಡಿಸಿದ. ಅದು ಬಂದೂಕನ್ನು ಮನಸ್ಸಲ್ಲಿಟ್ಟುಕೊಂಡು ಬರೆದ ಸಾಲು. ಚೂಪಾದ ಬಯೊನೆಟ್ಟಿಗೆ ಅದನ್ನು ಹಚ್ಚಿ ವಾದ ಮಾಡಬಹುದು, ಆದರೆ ವಾದ ಮಾಡಬೇಕಾದ ಜಾಗ ಕೋರ್ಟು. "ಚಿಕ್ಕಮ್ಮನ್ನ ಈ ವಯಸ್ಸಲ್ಲಿ ಅಲ್ಲಿ ನಿಲ್ಲಿಸ್ತೀಯಾ? ಲೈಸೆನ್ಸ್ ಇರೋನಿಗೆ ಮಾರು, ತಲೆನೋವೇ ಇರಲ್ಲ" ಅಂದ. ನಾವು ಸ್ವಂತಕ್ಕೆ ಅಂತ ನ್ಯಾಯವಾಗಿ ಇಟ್ಟುಕೊಂಡಿದ್ದ ಆಯುಧವನ್ನು, ಅದನ್ನು ಇಟ್ಟುಕೊಳ್ಳಲು ಹಕ್ಕಿರುವ ಇನ್ನೊಬ್ಬರಿಗೆ ಕೊಡಲು ಆಕ್ಟಿನ 5ನೇ ಸೆಕ್ಷನ್ನಿನಲ್ಲೇ ಅವಕಾಶ ಇದೆ. ಅಂಗಡಿ ಇಟ್ಟು ವ್ಯಾಪಾರ ಮಾಡುವವರ ಲೆಕ್ಕ ಬೇರೆ.

ಹಾಕಿಕೊಳ್ಳುವ ಬಟ್ಟೆಗಳಲ್ಲಿ ಹಳೇ ಖಾಕಿ ಮತ್ತು ಆಲಿವ್ ಹಸಿರು ಇದ್ದವು. ಸೈನಿಕ ಅಂತ ಜನ ನಂಬಲಿ ಅನ್ನುವ ಉದ್ದೇಶದಿಂದ ಸೈನಿಕನ ಉಡುಪು ತೊಡುವುದು ಅಪರಾಧ. ಮೊದಲು ಐಪಿಸಿ 140, ಈಗ ಭಾರತೀಯ ನ್ಯಾಯ ಸಂಹಿತೆಯ 168. ಹಳೇದನ್ನು ಸಂಗ್ರಹಕ್ಕೆ ಇಟ್ಟುಕೊಳ್ಳುವುದು ಬೇರೆ ಮಾತು. ಆದರೆ 2022ರಲ್ಲಿ ಬಂದ ಹೊಸ ಡಿಜಿಟಲ್ ವಿನ್ಯಾಸದ ಕಾಂಬ್ಯಾಟ್ ಬಟ್ಟೆ ಇದ್ದರೆ ಮುಟ್ಟಲೇಬೇಡಿ, ಆ ವಿನ್ಯಾಸವನ್ನು ಸೈನ್ಯ ತನ್ನ ಹೆಸರಿಗೇ ನೋಂದಾಯಿಸಿಕೊಂಡಿದೆ. ನಾವು ಬಟ್ಟೆ ಮಾರಲೇ ಇಲ್ಲ. ಗುರುತು ಪಟ್ಟಿಗಳನ್ನು ಬಿಚ್ಚಿಟ್ಟುಕೊಂಡು ಬಟ್ಟೆಯನ್ನು ಕತ್ತರಿಸಿ ಹಾಕಿದೆವು. ಫೀಲ್ಡ್ ಟೆಲಿಫೋನ್ ಕೂಡ ಸುಲಭ. ಅದು ತಂತಿಯ ಮೇಲೆ ನಡೆಯುವ ಫೋನು. ವೈರ್‌ಲೆಸ್ ಸೆಟ್ ಆಗಿದ್ದಿದ್ದರೆ ಅದಕ್ಕೆ ಬೇರೆಯೇ ಲೈಸೆನ್ಸ್ ಕಥೆ.

ಮೆಡಲುಗಳ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಮೊದಲನೇ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು, 36 ಮಿಲಿಮೀಟರ್ ಅಗಲ. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಬೆತ್ತಲೆ ಸವಾರ. ಅದರ ನಿಜವಾದ ಬೆಲೆ ಇರುವುದು ಅಂಚಿನಲ್ಲಿ. ಅಂಚಿನ ಸುತ್ತ ಸೈನಿಕನ ನಂಬರು, ದರ್ಜೆ, ಹೆಸರು, ತುಕಡಿ ಕೊರೆದಿರುತ್ತದೆ. ಚಿಕ್ಕಪ್ಪನ ಒಂದು ಮೆಡಲಿನ ಅಂಚಿನಲ್ಲಿ ಒಬ್ಬ ಸವಾರನ ಹೆಸರಿತ್ತು, ಮೈಸೂರು ಲ್ಯಾನ್ಸರ್ಸ್‌ನವನು. ಭೂತಗನ್ನಡಿ ಹಿಡಿದು ಅದನ್ನು ಓದಿದಾಗ ಚಿಕ್ಕಮ್ಮ "ಇದೇ ಕಣೋ, ಇದನ್ನ ತಂದ ರಾತ್ರಿ ಅವರು ಊಟ ಮಾಡೋದೇ ಮರೆತಿದ್ರು" ಅಂದರು.

ಇಂಥ ಮೆಡಲನ್ನು ಚಿನ್ನ ಬೆಳ್ಳಿ ಅಂಗಡಿಗೆ ಒಯ್ದರೆ ತಕ್ಕಡಿಗೆ ಹಾಕಿ ಬೆಳ್ಳಿಯ ತೂಕದ ಬೆಲೆ ಹೇಳುತ್ತಾರೆ. ನನಗೂ ಒಬ್ಬರು ಹೇಳಿದರು. ಬೆಳ್ಳಿ ದರ ಏರಿದಾಗಲೆಲ್ಲ ಪ್ರಪಂಚದ ಎಲ್ಲ ಕಡೆ ಈ ಮೆಡಲುಗಳು ಕರಗಿಹೋಗಿವೆ. ಕರಗಿದ ಒಂದೊಂದರ ಜೊತೆಯೂ ಒಬ್ಬನ ಹೆಸರು ಹೋಗಿದೆ, ಎಷ್ಟೋ ಮಂದಿಗೆ ಆ ಅಂಚು ಬಿಟ್ಟರೆ ಬೇರೆಲ್ಲೂ ಹೆಸರೇ ಉಳಿದಿಲ್ಲ. ದಯವಿಟ್ಟು ಕರಗಿಸಬೇಡಿ. ಹುಣಸೆಹಣ್ಣು, ಪಾಲಿಶ್ ಪುಡಿ ಹಾಕಿ ತಿಕ್ಕಲೂ ಬೇಡಿ, ಅಕ್ಷರ ಸವೆಯುತ್ತದೆ. ಒಬ್ಬನಿಗೆ ಸಿಕ್ಕ ಮೆಡಲುಗಳು ಜೊತೆಯಲ್ಲಿದ್ದರೆ ಬಿಡಿಬಿಡಿಯಾಗಿ ಮಾರಬೇಡಿ, ರಿಬ್ಬನ್ ಹರಿದಿದ್ದರೂ ಬದಲಿಸಬೇಡಿ. ಎರಡನೇ ಮಹಾಯುದ್ಧದ ಸ್ಟಾರುಗಳನ್ನು, ಅಂದರೆ ನಕ್ಷತ್ರದ ಆಕಾರದ ಮೆಡಲುಗಳನ್ನು, ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟಿತು, ಆದರೆ ಭಾರತದ ಸೈನಿಕರಿಗೆ ಕೊಟ್ಟವುಗಳ ಹಿಂಭಾಗದಲ್ಲಿ ಹೆಸರಿದೆ. ನಮ್ಮ ಹತ್ತಿರದ ಬರ್ಮಾ ಸ್ಟಾರ್ ಒಬ್ಬ ಸ್ಯಾಪರನದು. 1939-45 ಸ್ಟಾರ್, ವಾರ್ ಮೆಡಲ್, ಇಂಡಿಯಾ ಸರ್ವಿಸ್ ಮೆಡಲ್ ಎಲ್ಲವೂ ಅವನದೇ ನಂಬರಿನವು.

ಮೆಡಲು ಮಾರಬಹುದಾ ಅನ್ನುವುದಕ್ಕೆ: 1950ರ ಆರ್ಮಿ ಆಕ್ಟಿನ 54ನೇ ಸೆಕ್ಷನ್ ಪ್ರಕಾರ ಆ ಆಕ್ಟಿಗೆ ಒಳಪಟ್ಟ ಸೈನಿಕ ತನಗೆ ಕೊಟ್ಟ ಮೆಡಲನ್ನು ಮಾರುವುದು, ಅಡ ಇಡುವುದು ತಪ್ಪು. ಗುಜರಿಯಿಂದ ಕೊಂಡ ಫಿಟ್ಟರಿನ ಹೆಂಡತಿಗೆ ಅದು ಹತ್ತುವುದಿಲ್ಲ. ಆದರೆ ಇನ್ನೊಂದು ಕಾನೂನು ಇದೆ, 1972ರ ಪುರಾತನ ವಸ್ತುಗಳ ಕಾಯ್ದೆ. 100 ವರ್ಷ ದಾಟಿದ, ಚರಿತ್ರೆಗೆ ಸೇರಿದ ವಸ್ತು ದೇಶ ಬಿಟ್ಟು ಹೋಗುವಂತಿಲ್ಲ, ಕೇಂದ್ರ ಸರ್ಕಾರ ಅಥವಾ ಅದು ಒಪ್ಪಿದ ಸಂಸ್ಥೆ ಬಿಟ್ಟು ಯಾರೂ ರಫ್ತು ಮಾಡುವಂತಿಲ್ಲ. ಮೊದಲನೇ ಮಹಾಯುದ್ಧದ ಮೆಡಲುಗಳು ಈಗ ಆ ಗೆರೆ ದಾಟಿವೆ. ಲಿಸ್ಟಿಂಗ್ ಹೋಗುವ ಮೊದಲು ಇಂಗ್ಲೆಂಡಿನ ಒಬ್ಬರು ಲ್ಯಾನ್ಸರ್ಸ್ ಮೆಡಲಿಗೆ ಇಲ್ಲಿಯವರು ಕೊಡುವುದಕ್ಕಿಂತ ಎಷ್ಟೋ ಜಾಸ್ತಿ ಹೇಳಿದ್ದರು, ಪಾರ್ಸೆಲಿನ ಮೇಲೆ 'ಹಳೇ ಬಟನ್' ಅಂತ ಬರೆದು ಕಳಿಸಿ ಅಂತಲೂ ಸೂಚಿಸಿದ್ದರು. ಆಗಲ್ಲ ಅಂದೆ. ಕಾನೂನು ಒಂದು ಕಡೆ ಇರಲಿ, ಮೈಸೂರಿನ ಸವಾರನ ಹೆಸರು ಮೈಸೂರು ಸೀಮೆಯಲ್ಲೇ ಇರಲಿ ಅಂತ ನನ್ನ ಆಸೆ. 100 ವರ್ಷ ಆಗದ ವಸ್ತುವನ್ನು ಹೊರಗೆ ಕಳಿಸಬೇಕು ಅನ್ನುವವರು ಭಾರತೀಯ ಪುರಾತತ್ವ ಇಲಾಖೆಯಿಂದ ಅದು ಪುರಾತನ ವಸ್ತುವಲ್ಲ ಅನ್ನುವ ಪ್ರಮಾಣಪತ್ರ ಪಡೆಯಬೇಕು. ಅವರ ಬೆಂಗಳೂರು ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ.

ಕೊಳ್ಳುವವರು ಸಿಕ್ಕಿದ್ದು ಬಾಯಿಂದ ಬಾಯಿಗೆ. ನಾಣ್ಯ, ಅಂಚೆಚೀಟಿ ಸಂಗ್ರಹಿಸುವವರ ಪ್ರದರ್ಶನಗಳು ಬೆಂಗಳೂರಿನಲ್ಲಿ ಆಗಾಗ ನಡೆಯುತ್ತವೆ. ಅಲ್ಲಿಗೆ ಹೋಗಿ ಮೆಡಲಿನ ಫೋಟೊ ತೋರಿಸಿ ಸುಮ್ನೆ ಮಾತಾಡುತ್ತಾ ಹೋದೆ. ಸಾಮಾನು ಮಾತ್ರ ಒಯ್ಯಲಿಲ್ಲ. ಒಬ್ಬರಿಂದ ಒಬ್ಬರ ನಂಬರು ಸಿಕ್ಕಿತು. ಈ ನಡುವೆ ಮೋಸಗಾರರೂ ಬಂದರು. 'ನಾನು ಆರ್ಮಿ ಆಫೀಸರ್, ಪೋಸ್ಟಿಂಗ್‌ನಲ್ಲಿದ್ದೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಅಡ್ವಾನ್ಸ್ ಬರುತ್ತೆ' ಅಂತ ಯೂನಿಫಾರಂ ಫೋಟೊ, ಐಡಿ ಕಾರ್ಡಿನ ಸಮೇತ ಮೆಸೇಜು. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಮ್ಮ ದುಡ್ಡೇ ಹೋಗುತ್ತದೆ, ದುಡ್ಡು ಬರಲು ಪಿನ್ ಬೇಕಾಗಿಯೇ ಇಲ್ಲ. ಮಿಲಿಟರಿ ಸಾಮಾನು ಮಾರುವವರ ಹತ್ತಿರ ಸೈನಿಕನ ವೇಷದಲ್ಲಿ ಬಂದರೆ ಬೇಗ ನಂಬುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಇದರ ಬಗ್ಗೆ ನನಗೆ ನಿಜವಾಗಲೂ ಸಿಟ್ಟಿದೆ.

ಲ್ಯಾನ್ಸರ್ಸ್ ಮೆಡಲು ತೆಗೆದುಕೊಂಡದ್ದು ಮೈಸೂರಿನ ಕಡೆಯ ಒಬ್ಬ ಇತಿಹಾಸ ಮೇಷ್ಟ್ರು. ಮನೆಗೇ ಬಂದರು. ಕಾಫಿ ಮುಟ್ಟದೆ ಮೊದಲು ಜೇಬಿನಿಂದ ವರ್ನಿಯರ್ ತೆಗೆದು ಮೆಡಲಿನ ಸುತ್ತ ಹಲವು ಕಡೆ ಅಳತೆ ನೋಡಿದರು. ಯಾರಾದರೂ ಹಳೇ ಹೆಸರನ್ನು ಅರೆದು ಬೇರೆ ಹೆಸರು ಕೊರೆದಿದ್ದರೆ ಆ ಜಾಗದಲ್ಲಿ ಅಳತೆ ಕೂದಲೆಳೆಯಷ್ಟಾದರೂ ತಗ್ಗುತ್ತದಂತೆ. ಇದು ಎಲ್ಲ ಕಡೆ ಒಂದೇ ಬಂತು. ಆಮೇಲೆ ಅಂಚಿನ ಹೆಸರನ್ನು ನಿಧಾನವಾಗಿ ಬಾಯಿಬಿಟ್ಟು ಓದಿ, "ಅಮ್ಮಾ, ಇದನ್ನ ನಾನು ಮತ್ತೆ ಮಾರಲ್ಲ. ಇವರು ಯಾವೂರಿನವರು ಅಂತ ದಾಖಲೆಗಳಲ್ಲಿ ಹುಡುಕ್ತೀನಿ" ಅಂದರು. ಚಿಕ್ಕಮ್ಮ ನನ್ನ ಕಡೆ ನೋಡಿದರು, ನಾನು ಮನಸ್ಸಲ್ಲಿಟ್ಟುಕೊಂಡಿದ್ದ ಬೆಲೆಗಿಂತ ಕಮ್ಮಿಗೇ ಕೊಟ್ಟುಬಿಟ್ಟರು. ಸರಿಯಾಗಿಯೇ ಮಾಡಿದರು.

ಕಾಗದ ಮಾತ್ರ ಪ್ರತಿಯೊಂದಕ್ಕೂ ಮಾಡಿದೆವು. ವಸ್ತುವಿನ ವಿವರ, ಎರಡೂ ಕಡೆಯ ಮತ್ತು ಅಂಚಿನ ಫೋಟೊ, ಯಾರಿಂದ ಬಂದದ್ದು, ಎಷ್ಟಕ್ಕೆ ಹೋದದ್ದು, ಕೊಂಡವರ ಗುರುತಿನ ಚೀಟಿಯ ಪ್ರತಿ, ಇಬ್ಬರ ಸಹಿ. ಹೊರದೇಶದ ಮಗನಿಂದ ಒಪ್ಪಿಗೆಯ ಮೇಲ್ ತರಿಸಿಕೊಂಡೆವು, ಯಾಕೆಂದರೆ ಸಾಮಾನಿನಲ್ಲಿ ಅವನ ಪಾಲೂ ಇದೆ. ದುಡ್ಡು ಬ್ಯಾಂಕಿನ ಮೂಲಕವೇ. ಚಿಕ್ಕಪ್ಪ ಬರೆದಿಟ್ಟಿದ್ದ ಹಳೇ ನೋಟುಬುಕ್ಕಿನಲ್ಲಿ ಯಾವುದನ್ನು ಎಲ್ಲಿ, ಎಷ್ಟಕ್ಕೆ ತಂದರು ಅಂತ ಇತ್ತು. ಆಯಾ ಪುಟದ ಜೆರಾಕ್ಸ್ ಜೊತೆಗೆ ಕೊಟ್ಟೆವು. ಸಂಗ್ರಹ ಮಾಡುವವರಿಗೆ ಆ ಪುಟ ಅಂದರೆ ಪ್ರಾಣ. ನಿಮ್ಮ ಮನೆಯಲ್ಲಿ ಡಿಸ್ಚಾರ್ಜ್ ಬುಕ್, ಪೇ ಬುಕ್, ಹಳೇ ಕಾಗದ ಏನಿದ್ದರೂ ಕಸ ಅಂತ ಎಸೆಯಬೇಡಿ.

ಬಯೊನೆಟ್ಟಿಗೆ ಸಮಯ ಹಿಡಿಯಿತು. ಕೇಳುವವರು ಬೇಕಾದಷ್ಟಿದ್ದರು, ಲೈಸೆನ್ಸ್ ಇದೆಯಾ ಅಂದರೆ ಫೋನ್ ಇಡುತ್ತಿದ್ದರು. ಒಬ್ಬರಂತೂ "ಯಾರು ನೋಡ್ತಾರೆ ಸಾರ್" ಅಂದರು. ಕೊನೆಗೆ ಆಯುಧ ಸಂಗ್ರಹಿಸುವ ಒಬ್ಬ ಹಿರಿಯರು ಸಿಕ್ಕಿದರು, ಲೈಸೆನ್ಸ್ ಇದ್ದವರು. ಬೆಂಗಳೂರು ನಗರದಲ್ಲಿ ಆಯುಧ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರದು, ಕಚೇರಿ ಇನ್‌ಫೆಂಟ್ರಿ ರಸ್ತೆಯಲ್ಲಿ. ಆ ಹಿರಿಯರು ತಮ್ಮ ಲೈಸೆನ್ಸಿನಲ್ಲಿ ಐದನೇ ಕೆಟಗರಿಯ ವಿಷಯ ಸರಿಮಾಡಿಕೊಂಡು ಅದರ ಪ್ರತಿ ತಂದರು. ನಾನು ಮಹಜರಿನ ಪ್ರತಿ, ಫೋಟೊ, ಅಲಗಿನ ಮೇಲಿನ ಗುರುತುಗಳ ವಿವರ ಸೇರಿಸಿ, ಇಂಥವರಿಗೆ ವರ್ಗ ಮಾಡುತ್ತಿದ್ದೇವೆ ಅಂತ ಚಿಕ್ಕಮ್ಮನ ಸಹಿಯ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಮುದ್ರೆ ಬಿದ್ದ ಮೇಲೆಯೇ ವಸ್ತು ಕೈ ಬದಲಾಯಿತು. ಕೊರಿಯರ್ ಕೇಳಲೇ ಇಲ್ಲ. ಆಯುಧ ಅಂತ ಹೇಳಿದರೆ ಅವರು ತಗೊಳ್ಳಲ್ಲ, ಹೇಳದೆ ಕಳಿಸುವುದು ತಪ್ಪು.

ಬರ್ಮಾ ಸ್ಟಾರಿನ ಗುಂಪು ಒಬ್ಬ ನಿವೃತ್ತ ಸುಬೇದಾರರಿಗೆ ಹೋಯಿತು, ಅವರೂ ಸ್ಯಾಪರ್ಸ್‌ನಲ್ಲೇ ಇದ್ದವರು. ನಾಲ್ಕೂ ಮೆಡಲು ಒಟ್ಟಿಗೆ, ಹಳೇ ರಿಬ್ಬನ್ನಿನ ಸಮೇತ. ಹೆಲ್ಮೆಟ್, ಟೆಲಿಫೋನ್ ಬೇಗ ಹೋದವು. ಖುಕ್ರಿಯನ್ನು ಮಗನಿಗೆ ಅಂತ ಚಿಕ್ಕಮ್ಮ ಇಟ್ಟುಕೊಂಡರು, ಶೆಲ್ ಕೇಸನ್ನೂ ಕೊಡಲಿಲ್ಲ. ಮಾರಾಟ ತಾಣದವರು ತಿಂಗಳುಗಳಾದ ಮೇಲೆ, ಬ್ಯಾಡ್ಜುಗಳನ್ನು ಮತ್ತೆ ಹಾಕಬಹುದು ಅಂತ ಮೇಲ್ ಕಳಿಸಿದರು. ನಾನು ಹಾಕಿಲ್ಲ. ಪೇಟದ ಬ್ಯಾಡ್ಜುಗಳು ಒಂದಷ್ಟು ಇನ್ನೂ ಇವೆ, ಹೆಚ್ಚಿನವು ಮದ್ರಾಸ್ ಸ್ಯಾಪರ್ಸ್‌ನವು. ಬಿಡಿಬಿಡಿಯಾಗಿ ಕೊಡುವುದಿಲ್ಲ, ಚಿಕ್ಕಪ್ಪ ಜೋಡಿಸಿಟ್ಟ ವೆಲ್ವೆಟ್ ಹಲಗೆಯ ಜೊತೆಗೇ ತೆಗೆದುಕೊಳ್ಳುವವರು ಬಂದರೆ ಮಾತ್ರ ಅಂತ ಚಿಕ್ಕಮ್ಮ ಹೇಳಿದ್ದಾರೆ.